ಎಂಟು ಎಳೆ

ದಾವಣಗೆರೆ ಮಂಡಿಪೇಟೆಯಲ್ಲಿ ಮಹಡಿ ಮೇಲಿನ ಒಂದು ಸಣ್ಣ ಅಂಗಡಿ. ಭಾನುವಾರ ಮಧ್ಯಾಹ್ನ, ಶಟರ್ ಅರ್ಧ ಎಳೆದಿದೆ. ಇಪ್ಪತ್ತು ವರ್ಷದಿಂದ ಊರಿನ ಕಚೇರಿ, ಶಾಲೆ, ಗಿರಣಿಗಳ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವ ಸೋದರಮಾವ ಒಂದು ಸ್ಟೂಲಿನ ಮೇಲೆ. ಡಿಪ್ಲೊಮಾ ಮುಗಿಸಿ ಹರಿಹರದಿಂದ ಬಂದ ಅಕ್ಕನ ಮಗಳು ಎದುರಿನ ಸ್ಟೂಲಿನ ಮೇಲೆ.

— ಮಾವ, ಬೆಂಗಳೂರಲ್ಲಿ ಮೂರು ತಿಂಗಳ ನೆಟ್‌ವರ್ಕಿಂಗ್ ಕೋರ್ಸು ಇದೆಯಂತೆ. ಎಂಬತ್ತು ಸಾವಿರ ಫೀಸು, ಮುಗಿದ ಕೂಡಲೇ ಕೆಲಸ ಖಾತ್ರಿ ಅಂತ ಹಾಕಿದ್ದಾರೆ. ಅಮ್ಮ ನಿಮ್ಮನ್ನ ಕೇಳಿಕೊಂಡು ಬಾ ಅಂದ್ರು. ಸೇರಲಾ?

— ಹೇಳ್ತೀನಿ. ಮೊದಲು ಆ ಕೇಬಲ್ ತುಂಡು ತಗೊ. ಮೇಲಿನ ಸಿಪ್ಪೆ ಸುಲಿ, ಎಳೆಗೆ ಗಾಯ ಆಗಬಾರದು. ಒಳಗೇನಿದೆ?

— ಎಂಟು ಎಳೆ. ಎರಡೆರಡು ಸೇರಿಸಿ ಹುರಿ ಮಾಡಿದ್ದಾರೆ. ನಾಲ್ಕು ಜೋಡಿ.

— ಕನೆಕ್ಟರ್‌ಗೆ ಯಾವ ಕ್ರಮದಲ್ಲಿ ಹಾಕ್ತೀಯ?

— ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟಿ568ಬಿ. ಪರೀಕ್ಷೆಗೆ ಬಂದಿತ್ತು.

— ಕೈಯಾರೆ ಎಷ್ಟು ಸಲ ಹಾಕಿದ್ದೀಯ?

— ಒಂದೇ ಸಲ. ಇಡೀ ಬ್ಯಾಚಿಗೆ ಕ್ರಿಂಪಿಂಗ್ ಟೂಲ್ ಎರಡೇ ಇತ್ತು ಮಾವ. ನನ್ನ ಪಾಳಿ ಬರೋ ಹೊತ್ತಿಗೆ ಗಂಟೆ ಹೊಡೆದಿತ್ತು.

— ಸರಿ, ಇವತ್ತು ಗಂಟೆ ಹೊಡೆಯೋರು ಯಾರೂ ಇಲ್ಲ. ಮಾಡ್ತಾ ಇರು, ಮಾತಾಡೋಣ. ನೀನು ಹೇಳಿದ ಕ್ರಮದಲ್ಲಿ ಒಂದು ವಿಚಿತ್ರ ಇದೆ, ಗಮನಿಸಿದ್ದೀಯಾ? ಕಿತ್ತಳೆ ಜೋಡಿ ಪಕ್ಕಪಕ್ಕ ಕೂತಿದೆ, ಕಂದು ಜೋಡಿ ಪಕ್ಕಪಕ್ಕ ಕೂತಿದೆ, ನೀಲಿನೂ ಹಂಗೇ. ಹಸಿರು ಮಾತ್ರ ಮೂರನೇ ಮನೆಯಲ್ಲಿ ಒಂದು, ಆರನೇ ಮನೆಯಲ್ಲಿ ಒಂದು. ಯಾಕೆ?

— ಯಾಕೆ ಅಂತ ಯಾರೂ ಹೇಳಲಿಲ್ಲ. ಬಾಯಿಪಾಠ ಮಾಡಿಸಿದ್ರು.

— ನನಗೂ ಯಾರೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದು. ಒಂದು ಕಚೇರಿಗೆ ನಲವತ್ತು ಪಾಯಿಂಟ್ ಎಳೆಯೋ ಕೆಲಸ ಒಬ್ಬನೇ ಒಪ್ಪಿಕೊಂಡೆ. ಬಣ್ಣದ ಕ್ರಮ ನೆನಪಿಡೋ ಕಷ್ಟ ಯಾಕೆ, ಎರಡೂ ತುದಿ ಒಂದೇ ಥರ ಇದ್ದರೆ ಸಾಕಲ್ಲ ಅಂತ ಜೋಡಿ ಪಕ್ಕ ಜೋಡಿ ಇಟ್ಟು ಒತ್ತಿದೆ. ಟೆಸ್ಟರ್ ಹಾಕಿದರೆ ಒಂದರಿಂದ ಎಂಟರವರೆಗೂ ದೀಪ ಸರಿಯಾಗಿ ಉರೀತು. ದುಡ್ಡು ತಗೊಂಡು ಬಂದೆ. ಮಾರನೇ ದಿನದಿಂದ ಫೋನು. ಹತ್ತಿರದ ಕಂಪ್ಯೂಟರು ನಡೆಯುತ್ತೆ, ದೂರದ ಕೋಣೆಯದ್ದು ಕುಂಟುತ್ತೆ, ಫೈಲು ಅರ್ಧಕ್ಕೆ ನಿಲ್ಲುತ್ತೆ. ಮೂರು ದಿನ ಕಂಪ್ಯೂಟರನ್ನೇ ಬೈದೆ. ಕೊನೆಗೆ ಟೆಲಿಫೋನ್ ಇಲಾಖೆಯಲ್ಲಿದ್ದ ಹಿರಿಯರೊಬ್ಬರು ಬಂದು, ಕನೆಕ್ಟರನ್ನ ಬೆಳಕಿಗೆ ಹಿಡಿದು ನೋಡಿ, "ಜೋಡಿ ಒಡೆದಿದ್ದೀಯಪ್ಪ" ಅಂದ್ರು.

— ಎಂಟೂ ದೀಪ ಉರೀತಲ್ಲ?

— ತಂತಿ ಈ ತುದಿಯಿಂದ ಆ ತುದಿಗೆ ಕೂಡಿದೆಯಾ ಅಂತ ಮಾತ್ರ ಆ ದೀಪ ಹೇಳುತ್ತೆ. ನೂರು ಎಂಬಿಪಿಎಸ್ ಜಾಲದಲ್ಲಿ ಒಂದು-ಎರಡನೇ ಮನೆಯಲ್ಲಿ ಒಂದು ದಿಕ್ಕಿನ ಮಾತು, ಮೂರು-ಆರನೇ ಮನೆಯಲ್ಲಿ ಇನ್ನೊಂದು ದಿಕ್ಕಿನ ಮಾತು ಹೋಗುತ್ತೆ. ಆ ಎರಡು ಎಳೆ ಒಂದೇ ಹುರಿಯವು ಆಗಿದ್ದರೆ ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಗಲುತ್ತೆ, ಒಂದರಿಂದ ಒಂದು ಕಳೆದುಹೋಗುತ್ತೆ. ಹುರಿ ಮಾಡಿರೋದೇ ಅದಕ್ಕೆ. ನಾನು ಮಾಡಿದ ಕೆಲಸದಲ್ಲಿ ಮೂರನೆಯದು ಒಂದು ಹುರಿಯದು, ಆರನೆಯದು ಇನ್ನೊಂದರದು. ಪಕ್ಕದ ಜೋಡಿಯ ಮಾತು ಇದರೊಳಗೆ ನುಗ್ತಿತ್ತು. ಕೇಬಲ್ ಗಿಡ್ಡ ಇದ್ದರೆ ಹೆಂಗೋ ನಡೆಯುತ್ತೆ, ಉದ್ದ ಆದಂಗೆ ಕೆಡುತ್ತೆ. ಎಂಬತ್ತು ತುದಿ ಕತ್ತರಿಸಿ ಮತ್ತೆ ಒತ್ತಿದೆ. ಆವತ್ತಿನಿಂದ "ಯಾಕೆ" ಅಂತ ಗೊತ್ತಾಗದೆ ಯಾವುದನ್ನೂ ನಾನು ಒತ್ತಿಲ್ಲ. ನಿನ್ನ ಕೋರ್ಸಿನ ಪ್ರಶ್ನೆಗೆ ಅರ್ಧ ಉತ್ತರ ಇದೇ. ಅಲ್ಲಿ ಯಾಕೆ ಅಂತ ಹೇಳಿಕೊಡೋರು ಯಾರು, ತಪ್ಪು ಮಾಡಿ ತಿದ್ದಿಕೊಳ್ಳೋಕೆ ಎಷ್ಟು ಮೀಟರ್ ಕೇಬಲ್ ಕೊಡ್ತಾರೆ, ಅದನ್ನ ಕೇಳು.

— ಅಜ್ಜ ಹೇಳೋ ಥರಾನೇ ಹೇಳ್ತೀರಿ.

— ಅವರಿಂದಲೇ ಬಂದದ್ದು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಅಜ್ಜ ಟರ್ನರ್. ನಾನು ಹುಡುಗನಾಗಿದ್ದಾಗ ಕಾರ್ಖಾನೆ ಸೈರನ್ನೇ ನಮಗೆ ಗಡಿಯಾರ. ಅಪ್ರೆಂಟಿಸ್ ಆಗಿ ಸೇರಿದಾಗ ಅವರಿಗೆ ಮೊದಲು ಲೇತ್ ಕೊಡಲಿಲ್ಲವಂತೆ. ಒಂದು ಕಬ್ಬಿಣದ ತುಂಡು, ಒಂದು ಅರ ಕೊಟ್ಟು, ಆರೂ ಮುಖ ಚೌಕಕ್ಕೆ ತಾ ಅಂದರಂತೆ. ವಾರಗಟ್ಟಲೆ ಅದೇ ಕೆಲಸ. ಮೇಸ್ತ್ರಿ ದಿನಾ ಬಂದು ಮೂಲೆಮಟ್ಟ ಇಟ್ಟು, ಬೆಳಕು ತೂರುತ್ತಾ ಅಂತ ನೋಡಿ, ಏನೂ ಮಾತಾಡದೆ ವಾಪಸ್ ಕೊಡ್ತಿದ್ದರಂತೆ. ಹಂಗೆ ಪಳಗಿದ ಕೈಗಳು ಮಾಡಿದ ಟರ್ನ್‌ಮಾಸ್ಟರ್ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಇವತ್ತೂ ತಿರುಗ್ತಿವೆ. ಕಾರ್ಖಾನೆ ಬಾಗಿಲು ಹಾಕಿತು. ಆ ಕಲಿಕೆ ನಮ್ಮ ಮನೆ ಬಿಟ್ಟು ಹೋಗಬಾರದು ಅಂತ ನನ್ನ ಆಸೆ.

— ಅಜ್ಜಂದು ಕಬ್ಬಿಣ, ನಮ್ಮದು ಕಣ್ಣಿಗೆ ಕಾಣದ್ದು ಅಲ್ವಾ ಮಾವ?

— ಅಷ್ಟು ದೂರ ಏನಿಲ್ಲ. ಅಜ್ಜನ ಮೈಕ್ರೋಮೀಟರ್ ಮನೆಯಲ್ಲಿದೆಯಲ್ಲ, ಅದರ ತಿರುಗೋ ಭಾಗದ ಒಂದು ಗೆರೆ ಅಂದ್ರೆ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು, ಹತ್ತು ಮೈಕ್ರಾನು. ಹಳ್ಳಿಗೆ ಹೋಗೋ ಆಪ್ಟಿಕಲ್ ಫೈಬರ್ ಒಳಗೆ ಬೆಳಕು ಓಡೋ ದಾರಿ ಎಷ್ಟು ದಪ್ಪ ಗೊತ್ತಾ? ಸುಮಾರು ಒಂಬತ್ತು ಮೈಕ್ರಾನು. ಅದರ ಸುತ್ತಿನ ಗಾಜೂ ಸೇರಿ 125. ಅಜ್ಜ ಅಳೀತಿದ್ದ ಒಂದು ಗೆರೆಯೊಳಗೆ ಇವತ್ತು ಪಂಚಾಯ್ತಿಯ ಅಷ್ಟೂ ಕಾಗದಪತ್ರ ಓಡಾಡ್ತಿದೆ. 2011ರಲ್ಲಿ ಒಪ್ಪಿಗೆ ಸಿಕ್ಕು ಆಮೇಲೆ ಭಾರತ್‌ನೆಟ್ ಅಂತ ಹೆಸರಾದ ಯೋಜನೆ ಹೊರಟಿದ್ದು ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗೆ ಈ ಎಳೆ ಮುಟ್ಟಿಸೋಕೆ. ಎಳೆಯೋದು ಒಂದು ಸಲದ ಕೆಲಸ. ನೀರಿನ ಪೈಪಿಗೆ ಅಗೆಯೋ ಜೆಸಿಬಿ ಅದನ್ನ ಕಡಿಯೋದು ಮತ್ತೆ ಮತ್ತೆ. ಕಡಿದಾಗ ಕೂಡಿಸೋ ಕೈ ಬೇಕಲ್ಲ!

— ಕೂಡಿಸೋದು ನೋಡಿಲ್ಲ ನಾನು.

— ನೋಡಿದರೆ ಬಿಡೋಕೆ ಮನಸ್ಸಾಗಲ್ಲ. ಮೇಲಿನ ಪದರ ಸುಲಿದು, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಗಾಜಿನ ಎಳೆ ಒರೆಸಬೇಕು. ಸರಿಯಾಗಿ ಒರೆಸಿದರೆ ಸಣ್ಣಗೆ ಕಿರ್ ಅನ್ನುತ್ತೆ, ಕಿವಿಗೆ ಗೊತ್ತಾಗುತ್ತೆ. ಆಮೇಲೆ ಕ್ಲೀವರ್‌ನಲ್ಲಿ ತುದಿ ನೇರ ಮುರಿಯಬೇಕು. ಕತ್ತರಿಸೋದಲ್ಲ, ಗೀರಿ ಮುರಿಯೋದು. ಎರಡು ತುದಿ ಸ್ಪ್ಲೈಸಿಂಗ್ ಮೆಷಿನ್ನಿನಲ್ಲಿ ಇಟ್ಟರೆ ಅದು ತಾನೇ ಎದುರುಬದುರು ಹೊಂದಿಸಿ, ಕಿಡಿ ಹಾಯಿಸಿ ಗಾಜನ್ನ ಬೆಸೆಯುತ್ತೆ. ಮುರಿದದ್ದು ಓರೆಯಾಗಿದ್ದರೆ, ಧೂಳು ಕೂತಿದ್ದರೆ ಮೆಷಿನ್ ಎಷ್ಟೇ ಒಳ್ಳೇದಿರಲಿ, ಬೆಳಕು ಸೋರುತ್ತೆ. ರಸ್ತೆ ಬದಿ, ಗಾಳಿ, ಬಿಸಿಲು, ಕೊಡೆ ಹಿಡಿದುಕೊಂಡು ಕೂತು ಮಾಡೋ ಕೆಲಸ. ಒಡೆದ ಗಾಜಿನ ಚೂರನ್ನ ಮಾತ್ರ ನೆಲಕ್ಕೆ ಬಿಸಾಕಬೇಡ, ಡಬ್ಬಿಗೆ ಹಾಕು. ಕಾಲಿಗೆ ಚುಚ್ಚಿದರೆ ಕಾಣೋದೇ ಇಲ್ಲ.

— ಟೆಸ್ಟರ್ ನೋಡಿ ಮಾವ. ಒಂದು, ಎರಡು, ಮೂರು... ಏಳು ಉರೀಲಿಲ್ಲ.

— ಎಳೆ ಕೊನೆವರೆಗೆ ಹೋಗಿಲ್ಲ. ಕತ್ತರಿಸು, ಇನ್ನೊಂದು ಹಾಕು. ಡಬ್ಬಿಯಲ್ಲಿ ನೂರು ಕನೆಕ್ಟರ್ ಇದೆ, ಲೆಕ್ಕ ಕೇಳಲ್ಲ.

— ಸರ್ಟಿಫಿಕೇಟ್ ಬೇಡವೇ ಬೇಡ ಅಂತೀರಾ ಹಂಗಾದ್ರೆ?

— ಬೇಡ ಅನ್ನಲ್ಲ. ಐಟಿಐನಲ್ಲಿ ಒಂದು ವರ್ಷದ ಕೋಪಾ ಅನ್ನೋ ಕಂಪ್ಯೂಟರ್ ಕೋರ್ಸು ಇದೆ. ಎರಡು ವರ್ಷದ ಐಸಿಟಿಎಸ್ಎಂ ಇದೆ, ಅದರಲ್ಲಿ ಹಾರ್ಡ್‌ವೇರ್, ನೆಟ್‌ವರ್ಕ್ ಎರಡೂ ಕಲಿಸ್ತಾರೆ. ನಿಂದು ಡಿಪ್ಲೊಮಾ ಆಯ್ತು. ಮುಂದೆ ಸಿಸ್ಕೊ ಕಂಪನಿಯ ಸಿಸಿಎನ್ಎ ಬರೆಯಲೇಬೇಕು ಅಂತ ನಾನೇ ಹೇಳ್ತೀನಿ. ಎರಡು ಗಂಟೆ ಪರೀಕ್ಷೆ, 300 ಡಾಲರ್ ಶುಲ್ಕ, ನಮ್ಮ ದುಡ್ಡಲ್ಲಿ 25 ಸಾವಿರ ದಾಟುತ್ತೆ. ಮೂರು ವರ್ಷ ಆದಮೇಲೆ ಅದರ ಅವಧಿ ಮುಗಿಯುತ್ತೆ, ಮತ್ತೆ ನವೀಕರಿಸಬೇಕು. ಅದನ್ನ ಸಾಲ ಮಾಡಿ, ತಯಾರಿ ಇಲ್ಲದೆ, ಯಾರೋ ಕೊಟ್ಟ ಪ್ರಶ್ನೆ-ಉತ್ತರ ಬಾಯಿಪಾಠ ಹೊಡೆದು ಬರೆದ ಹುಡುಗರನ್ನ ನೋಡಿದ್ದೀನಿ. ಪಾಸಾಗಿ ಬರ್ತಾರೆ. ಸಂದರ್ಶನದಲ್ಲಿ "169.254ರಿಂದ ಶುರುವಾಗೋ ವಿಳಾಸ ಬಂದಿದೆ, ಏನರ್ಥ?" ಅಂದ್ರೆ ಬಾಯಿ ಕಟ್ಟುತ್ತೆ. ನೀ ಹೇಳು.

— ಡಿಎಚ್‌ಸಿಪಿ ಸರ್ವರ್ ಸಿಕ್ಕಿಲ್ಲ. ಯಾರೂ ವಿಳಾಸ ಕೊಡಲಿಲ್ಲ ಅಂತ ಕಂಪ್ಯೂಟರ್ ತಾನೇ ಒಂದು ಇಟ್ಟುಕೊಂಡಿದೆ.

— ಭೇಷ್. ಆಗ ಮೊದಲು ಕೇಬಲ್, ಸ್ವಿಚ್, ರೂಟರ್ ಕಡೆ ನೋಡ್ತೀಯ. ವಿಂಡೋಸ್ ಮತ್ತೆ ಹಾಕೋಕೆ ಹೋಗಲ್ಲ. ಇಷ್ಟು ಗೊತ್ತಿಲ್ಲದೆ ಎಷ್ಟು ಜನರ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಫೋಟೊ, ಲೆಕ್ಕಪತ್ರ ಎಲ್ಲ ಅಳಿಸಿ ಹಾಕಿದ್ದಾರೋ! ಅದು ನನಗೆ ಸಂಕಟ. ಕಲಿಯೋಕೆ ದುಡ್ಡೂ ಅಷ್ಟು ಬೇಡವ್ವ. ಸಿಸ್ಕೊದ ನೆಟ್‌ವರ್ಕಿಂಗ್ ಅಕಾಡೆಮಿ ನಮ್ಮ ದಾವಣಗೆರೆ ಜಿಲ್ಲೆ ಆದ ವರ್ಷವೇ, 1997ರಲ್ಲಿ, ಶುರುವಾಗಿದ್ದು. ಅಲ್ಲಿ ಹೆಸರು ನೋಂದಾಯಿಸಿದರೆ ಪ್ಯಾಕೆಟ್ ಟ್ರೇಸರ್ ಪುಕ್ಕಟೆ. ಹತ್ತು ರೂಟರು, ಇಪ್ಪತ್ತು ಸ್ವಿಚ್ಚು ಪರದೆ ಮೇಲೇ ಜೋಡಿಸಿ, ಕೆಡಿಸಿ, ಸರಿ ಮಾಡಬಹುದು. ಎಂಬತ್ತು ಸಾವಿರದಲ್ಲಿ ಹತ್ತು ಸಾವಿರ ಎತ್ತಿಕೊಂಡು ಬೆಂಗಳೂರು ಎಸ್.ಪಿ. ರೋಡಿಗೆ ಹೋದರೆ ಒಂದು ಹಳೇ ಮ್ಯಾನೇಜ್ಡ್ ಸ್ವಿಚ್ ಹುಡುಕಿ ತರಬಹುದು. ಅದನ್ನ ಮನೆಯಲ್ಲಿಟ್ಟುಕೊಂಡು ದಿನಾ ಎರಡು ಗಂಟೆ ಕೂರು.

— ಕೆಲಸ ಖಾತ್ರಿ ಅನ್ನೋದು?

— ಹತ್ತು ಜನರ ಫೋಟೊ ಗೋಡೆಗೆ ಅಂಟಿಸಿರ್ತಾರೆ. ಉಳಿದೋರು ಏನಾದ್ರು ಅಂತ ಕೇಳು, ಹಿಂದಿನ ಬ್ಯಾಚಿನ ನಾಲ್ಕು ಜನರ ಹತ್ರ ನೀನೇ ಮಾತಾಡು. ಒಳ್ಳೇ ಜಾಗಗಳೂ ಇವೆ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಅದಕ್ಕಿಂತ ಮೊದಲು ಅಪ್ರೆಂಟಿಸ್‌ಶಿಪ್ ನೋಡು. 1961ರ ಕಾಯ್ದೆ ಅದು, ಅಜ್ಜನ ಕಾಲದ್ದು, ಇನ್ನೂ ಜೀವಂತ ಇದೆ. ಡಿಪ್ಲೊಮಾದವರಿಗೂ ಅನ್ವಯಿಸುತ್ತೆ, ಭತ್ಯೆ ಕೊಡ್ತಾರೆ. ಕಲಿಯೋಕೆ ನಾವು ದುಡ್ಡು ಕೊಡೋ ಬದಲು ಅವರೇ ನಮಗೆ ಕೊಡ್ತಾರೆ. ನಮ್ಮ ಹುಡುಗರು ಆ ಅರ್ಜಿಯನ್ನೇ ಹಾಕಲ್ಲ.

— ಮಾವ, ಒಂದು ಕೇಳ್ತೀನಿ. ಕ್ರಿಂಪಿಂಗು, ಕಮಾಂಡು ಕಲೀಬಹುದು. ಎದುರಿಗೆ ಜನ ನಿಂತು "ಬೇಗ ಬೇಗ" ಅಂದ್ರೆ ನನಗೆ ತಲೆ ಓಡಲ್ಲ. ಅದನ್ನ ಹೆಂಗೆ ಕಲೀತಾರೆ?

— ಅದೇ ಈ ಕೆಲಸದ ಹೊಟ್ಟೆ. ಎಪಿಎಂಸಿಯನ್ನೇ ತಗೊ. 2014ರಿಂದ ನಮ್ಮ ರಾಜ್ಯದ ಮಾರುಕಟ್ಟೆಗಳಲ್ಲಿ ಆನ್‌ಲೈನ್ ಹರಾಜು ಬಂತು. ಮೆಕ್ಕೆಜೋಳ ತಂದ ರೈತ ಕಟ್ಟೆ ಮೇಲೆ ಕೂತಿರ್ತಾನೆ, ಟ್ರ್ಯಾಕ್ಟರ್ ಬಾಡಿಗೆ ಏರ್ತಿರುತ್ತೆ, ಮೋಡ ಕಟ್ಟಿರುತ್ತೆ. ಅಂಥ ಹೊತ್ತಲ್ಲಿ "ನೆಟ್ ಸತ್ತೋಗಿದೆ" ಅಂತ ಫೋನ್ ಬರುತ್ತೆ. ಅವರ ಅವಸರಕ್ಕೆ ಕಾರಣ ಇದೆ. ಅದನ್ನ ಒಪ್ಪಿಕೊಂಡರೆ ನಿನಗೆ ಸಿಟ್ಟು ಬರಲ್ಲ, ಸಿಟ್ಟು ಬರದಿದ್ದರೆ ತಲೆ ಓಡುತ್ತೆ. ಒಂದೇ ಪ್ರಶ್ನೆ ಕೇಳು: ಒಬ್ಬರಿಗಾ, ಎಲ್ಲರಿಗಾ? ಒಬ್ಬರಿಗೆ ಆದ್ರೆ ಆ ಮೇಜಿನ ಹತ್ರ ಹೋಗು. ಎಲ್ಲರಿಗೂ ಆದ್ರೆ ಮೇಜು ಬಿಟ್ಟು ರ್‍ಯಾಕ್ ಹತ್ರ ಹೋಗು. ಅಲ್ಲಿಂದ ದಾರಿಯನ್ನ ಅರ್ಧ ಅರ್ಧ ಮಾಡ್ತಾ ಬಾ. ಗೇಟ್‌ವೇಗೆ ಪಿಂಗ್ ಹೊಡಿ. ಉತ್ತರ ಬಂದರೆ ಈಚೆಯದ್ದೆಲ್ಲ ಸರಿ ಇದೆ. 8.8.8.8ಕ್ಕೆ ಹೊಡಿ. ಅದೂ ಬಂದು, ಹೆಸರು ಹಾಕಿದಾಗ ಮಾತ್ರ ಬರದಿದ್ದರೆ ಡಿಎನ್ಎಸ್ ಕೆಟ್ಟಿದೆ. ಮೂರು ಪಿಂಗ್, ಅರ್ಧ ನಿಮಿಷ.

— ಕೆಲವೊಮ್ಮೆ ಹಂಗೂ ಸಿಗಲ್ವಲ್ಲ?

— ಸಿಗಲ್ಲ. ಒಂದು ಶಾಲೆ ಲ್ಯಾಬ್, ಮಕ್ಕಳಿಗೆ ಆನ್‌ಲೈನ್ ಪರೀಕ್ಷೆ ಇದ್ದ ದಿನ. ಮೂವತ್ತು ಕಂಪ್ಯೂಟರ್ ಒಟ್ಟಿಗೇ ನಿಂತವು. ಪಿಂಗ್ ಒಮ್ಮೆ ಬರುತ್ತೆ, ಹತ್ತು ಸಲ ಬರಲ್ಲ. ಸ್ವಿಚ್ ಹೋಗಿದೆ ಅಂತ ಹೊಸದು ತಂದು ಹಾಕಿದೆ. ಅದೂ ಹಂಗೇ. ಮಕ್ಕಳು ಕಾರಿಡಾರಿನಲ್ಲಿ ನಿಂತಿದ್ರು, ಒಂದು ಹುಡುಗಿ ಅಳ್ತಿತ್ತು. ಆಗ ಸುಮ್ಮನೆ ಕೂತು ಸ್ವಿಚ್ಚಿನ ದೀಪ ನೋಡಿದೆ. ಸಾಮಾನ್ಯವಾಗಿ ಒಂದೊಂದು ದೀಪ ಒಂದೊಂದು ಲಯದಲ್ಲಿ ಮಿಣುಕುತ್ತೆ, ಮಳೆ ಹನಿ ಬಿದ್ದಂಗೆ. ಅವತ್ತು ಎಲ್ಲ ದೀಪವೂ ಒಟ್ಟಿಗೇ, ಉಸಿರು ಕಟ್ಟಿದಂಗೆ, ಪಟಪಟ ಹೊಡ್ಕೊಳ್ತಿದ್ವು. ಒಂದೊಂದೇ ಕೇಬಲ್ ಕೀಳ್ತಾ ಬಂದೆ. ಹತ್ತೊಂಬತ್ತನೆಯದು ಕಿತ್ತಾಗ ಎಲ್ಲ ಶಾಂತ. ಆ ಕೇಬಲ್ಲಿನ ಎರಡೂ ತುದಿ ಅದೇ ಸ್ವಿಚ್ಚಿಗೆ ಹಾಕಿತ್ತು. ಹಿಂದಿನ ದಿನ ಕಸ ಗುಡಿಸಿದ ಅಮ್ಮ, ತುದಿಯೊಂದು ನೇತಾಡ್ತಿದೆಯಲ್ಲ, ಪಾಪ ಬಿದ್ದುಹೋಗಿದೆ ಅಂತ ಖಾಲಿ ತೂತಿಗೆ ಚುಚ್ಚಿದ್ದಳು.

— ಲೂಪ್ ಆಗಿದೆ. ಒಂದೇ ಸಂದೇಶ ಸುತ್ತಿ ಸುತ್ತಿ ಬೆಳೆದಿದೆ.

— ಹೌದು. ಆ ಅಮ್ಮನ ತಪ್ಪಿಲ್ಲ. ಲೇಬಲ್ ಹಚ್ಚದೆ ತುದಿ ನೇತಾಡೋಕೆ ಬಿಟ್ಟಿದ್ದು ಕೇಬಲ್ ಎಳೆದವರ ತಪ್ಪು, ಅಂದ್ರೆ ನಂದು. ಅವಳ ಹೆಸರು ನಾನು ಯಾರ ಹತ್ರಾನೂ ಹೇಳಲಿಲ್ಲ. ಇದನ್ನ ತಡೆಯೋ ಉಪಾಯವನ್ನ, ಸ್ಪ್ಯಾನಿಂಗ್ ಟ್ರೀ ಅಂತಾರಲ್ಲ, 1985ರಲ್ಲಿ ಕಂಡುಹಿಡಿದದ್ದು ರೇಡಿಯಾ ಪರ್ಲ್‌ಮನ್ ಅನ್ನೋ ಹೆಣ್ಣುಮಗಳು. ಪ್ರಪಂಚದ ಎಷ್ಟೋ ಆಫೀಸುಗಳ ಜಾಲ ಲೂಪಿಗೆ ಬಿದ್ದು ಕುಸಿಯದಂಗೆ ಇವತ್ತಿಗೂ ಕಾಯ್ತಿರೋದು ಆ ಯೋಚನೆಯೇ. ನಾನು ಹಾಕಿದ್ದ ಅಗ್ಗದ ಸ್ವಿಚ್ಚಿನಲ್ಲಿ ಅದು ಇರಲಿಲ್ಲ. ಎರಡು ಸಾವಿರ ಉಳಿಸೋಕೆ ಹೋಗಿ ಮಕ್ಕಳ ಪರೀಕ್ಷೆ ಎರಡು ಗಂಟೆ ತಡ ಆಯ್ತು.

— ಹೆಣ್ಣುಮಗಳು ಅಂದ್ರಲ್ಲ... ಅಪ್ಪಂಗೆ ಅದೇ ಚಿಂತೆ. ಏಣಿ ಹತ್ತೋದು, ರಾತ್ರಿ ಫೋನ್ ಬಂದರೆ ಹೋಗೋದು. ಕೂತು ಮಾಡೋ ಕೆಲಸ ಹುಡುಕು ಅಂತಾರೆ.

— ಭಾವನ ಚಿಂತೆ ಸುಳ್ಳಲ್ಲ, ಅದನ್ನ ತಳ್ಳಿಹಾಕಲ್ಲ. ರಾತ್ರಿ ಹೊತ್ತು ಒಬ್ಬಳೇ ಹೋಗು ಅಂತ ನಾನೂ ಹೇಳಲ್ಲ. ಗಂಡುಹುಡುಗರನ್ನೂ ಒಬ್ಬರನ್ನೇ ಕಳಿಸಲ್ಲ, ಏಣಿಗೆ ಕೆಳಗೊಬ್ಬರು ಹಿಡಿಯೋರು ಬೇಕೇ ಬೇಕು. ಆದರೆ ಇದನ್ನೂ ಹೇಳ್ತೀನಿ, ಭಾವನಿಗೂ ಹೇಳು. ತಾಲ್ಲೂಕು ಕಚೇರಿ, ಶಾಲೆ, ಹೆರಿಗೆ ಆಸ್ಪತ್ರೆ, ಎಲ್ಲ ಕಡೆ ಕಂಪ್ಯೂಟರ್ ಮುಂದೆ ಕೂತಿರೋರು ಬಹಳಷ್ಟು ಹೆಣ್ಣುಮಕ್ಕಳು. ನಮ್ಮ ಹುಡುಗರು ಹೋಗ್ತಾರೆ, "ಸರೀರಿ ಮೇಡಂ" ಅಂತ ಮೌಸ್ ಕಿತ್ಕೊಂಡು, ಪಟಪಟ ಏನೋ ಒತ್ತಿ, ಎದ್ದು ಬರ್ತಾರೆ. ಆ ಮೇಡಂ ಮತ್ತೆ ಅದೇ ತೊಂದರೆಗೆ ಮರುದಿನ ಫೋನ್ ಮಾಡ್ತಾರೆ. ನೀನು ಹೋದರೆ ಮೌಸ್ ಕಿತ್ಕೋಬೇಡ. ಪಕ್ಕದಲ್ಲಿ ನಿಲ್ಲು, ಅವರ ಕೈಯಲ್ಲೇ ಮಾಡಿಸು. ಐದು ನಿಮಿಷ ಜಾಸ್ತಿ ಆಗುತ್ತೆ. ಮುಂದಿನ ಸಲ ಅವರೇ ಸರಿ ಮಾಡ್ಕೊಳ್ತಾರೆ, ನಿನ್ನ ಹೆಸರನ್ನ ನಾಲ್ಕು ಜನಕ್ಕೆ ಹೇಳ್ತಾರೆ. ನನ್ನ ಅಂಗಡಿ ನಡೆದಿದ್ದು ಜಾಹೀರಾತಿಂದ ಅಲ್ಲ.

— ಅಂದ್ರೆ ಬೆಂಗಳೂರಿಗೆ ಹೋಗೋದು ಬೇಡ?

— ಹೋಗು. ದೊಡ್ಡ ಡೇಟಾ ಸೆಂಟರ್, ಸಾವಿರ ಸ್ವಿಚ್ಚಿನ ಜಾಲ ನೋಡಬೇಕಂದ್ರೆ ಅಲ್ಲಿಗೇ ಹೋಗಬೇಕು, ಇಲ್ಲಿ ಸಿಗಲ್ಲ. ಆದರೆ ಒಂದು ವರ್ಷ ಇಲ್ಲಿ ಕೈ ಪಳಗಿಸಿಕೊಂಡು ಹೋಗು. ಅಲ್ಲಿ ಮೊದಲು ಎಲ್1 ಅಂತ ಕೂರಿಸ್ತಾರೆ, ಟಿಕೆಟ್ ಬರೆದು ಮುಂದೆ ತಳ್ಳೋ ಕೆಲಸ. ಕೇಬಲ್ ಮುಟ್ಟಿದವರು ಬರೆಯೋ ಟಿಕೆಟ್ಟೇ ಬೇರೆ ಇರುತ್ತೆ. "ನೆಟ್ ಇಲ್ಲ" ಅಂತ ಬರೆಯಲ್ಲ. ಎಲ್ಲಿಂದ ಎಲ್ಲಿಯವರೆಗೆ ಸರಿ ಇದೆ, ಎಲ್ಲಿ ನಿಂತಿದೆ, ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ ಅಂತ ಬರೀತಾರೆ. ಅಂಥವರು ಎಲ್1ನಲ್ಲಿ ಬಹಳ ದಿನ ಉಳಿಯಲ್ಲ. ಇನ್ನು ಇಲ್ಲೂ ಕೆಲಸ ಇಲ್ಲ ಅಂತಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗೆ ಆಯ್ಕೆಯಾದ ಮೊದಲ ಇಪ್ಪತ್ತು ಊರುಗಳಲ್ಲಿ ದಾವಣಗೆರೆಯೂ ಒಂದು. ಕಂಬ ಕಂಬಕ್ಕೂ ಕ್ಯಾಮೆರಾ ಬಂತು. ಅಂಗಡಿ, ಕಲ್ಯಾಣ ಮಂಟಪ, ಅಕ್ಕಿ ಗಿರಣಿ, ಎಲ್ಲ ಕಡೆ ಬಂತು. ಗಿರಣಿ ತೌಡಿನ ಧೂಳು ಸ್ವಿಚ್ಚಿನ ಫ್ಯಾನಿಗೆ ಕೂತು ಬೆಂಕಿಯಂಗೆ ಕಾಯುತ್ತೆ. ಮುಂಗಾರಿಗೆ ಮುಂಚಿನ ಗುಡುಗು-ಮಿಂಚಿಗೆ ಅರ್ಥಿಂಗ್ ಸರಿ ಇಲ್ಲದ ಕಡೆ ಪೋರ್ಟುಗಳು ಸಾಲಾಗಿ ಸುಟ್ಟುಹೋಗ್ತವೆ. ಇದು ಬೆಂಗಳೂರಿನ ಪುಸ್ತಕದಲ್ಲಿ ಇಲ್ಲ. ಇಲ್ಲೇ ಕಲೀಬೇಕು.

— ಮಾವ, ಎಂಟೂ ಉರೀತು. ಕ್ರಮ ಸರಿ ಇದೆ. ಹಸಿರು ಮೂರಕ್ಕೆ, ಆರಕ್ಕೆ.

— ಕೊಡು ಇಲ್ಲಿ. ಸಿಪ್ಪೆ ಕನೆಕ್ಟರ್ ಒಳಗೆ ಹೋಗಿದೆಯಾ... ಹೋಗಿದೆ. ಹುರಿ ಎಷ್ಟು ಬಿಚ್ಚಿದ್ದೀಯ? ಇನ್ನೂ ಸ್ವಲ್ಪ ಕಡಿಮೆ ಬಿಚ್ಚಬಹುದಿತ್ತು. ಪರವಾಗಿಲ್ಲ, ಇದು ಕೆಲಸಕ್ಕೆ ಬರುತ್ತೆ. ಇನ್ನು ಹತ್ತು ಮಾಡು. ನಾಳೆ ಜಗಳೂರು ಕಡೆ ಒಂದು ಪಂಚಾಯ್ತಿಗೆ ಹೋಗೋದಿದೆ, ಮೊನ್ನೆ ಮಳೆಗೆ ಅವರ ಲೈನ್ ನಿಂತಿದೆ. ಹರಿಹರದಿಂದ ಇಲ್ಲಿಗೆ 14 ಕಿಲೋಮೀಟರು, ಆರು ಗಂಟೆ ಬಸ್ಸಿಗೆ ಹತ್ತಿದರೆ ಇಲ್ಲಿಂದ ಏಳಕ್ಕೆ ಹೊರಡಬಹುದು. ಏಣಿ ನೀನು ಹಿಡಿ, ನಾನು ಹತ್ತುತ್ತೀನಿ. ಮಧ್ಯಾಹ್ನದ ಮೇಲೆ ನೀನು ಹತ್ತು.

— ಏನು ತರಲಿ? ಲ್ಯಾಪ್‌ಟಾಪ್?

— ನನ್ನ ಹತ್ರ ಇದೆ. ಒಂದು ನೋಟ್‌ಬುಕ್ ತಾ. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಪೋರ್ಟ್, ಯಾವ ವಿಳಾಸ, ಎಲ್ಲ ಅಲ್ಲೇ ನಿಂತು ಬರೀಬೇಕು. ಆ ಶಾಲೆ ಲ್ಯಾಬಿಗೆ ನನ್ನ ಹತ್ರ ಅಂಥದ್ದೊಂದು ಹಾಳೆ ಇದ್ದಿದ್ದರೆ ಹತ್ತೊಂಬತ್ತು ಕೇಬಲ್ ಕೀಳಬೇಕಿರಲಿಲ್ಲ.

— ಗೆರೆ ಇರೋದಾ, ಖಾಲಿ ಹಾಳೆಯದ್ದಾ?

— ಖಾಲಿ ಹಾಳೆಯದ್ದು. ಚಿತ್ರ ಬರೆಯೋಕೆ. ಮತ್ತೆ ಪೆನ್ಸಿಲ್ ತಾ, ಪೆನ್ ಬೇಡ. ಜಾಲ ಬದಲಾಗ್ತಾನೇ ಇರುತ್ತೆ.